ಫಸ್ಟ್ ಕ್ಲಾಸಿನಲ್ಲಿ ಒಂದು ಎಡತೋಳು

ಕಥೆಗೆ ಮೊದಲು ಒಂದು ಗಾದೆ ತೊಡಿಸಿ ಕಳಿಸುವುದು ವಾಡಿಕೆ. ಈ ಕಥೆಗೂ ಕೈಗೆ ಸಿಕ್ಕ ಗಾದೆಗಳನ್ನೆಲ್ಲ ತೊಡಿಸಿ ನೋಡಿದ್ದಾಯಿತು. ಒಂದು ಕಂಕುಳಲ್ಲಿ ಬಿಗಿ, ಇನ್ನೊಂದು ಸೊಂಟದಲ್ಲಿ ಸಡಿಲ, ಮತ್ತೊಂದಕ್ಕೆ ಗುಂಡಿಯೇ ಇಲ್ಲ. ಆದ್ದರಿಂದ ಕಥೆ ಬರಿಮೈಯಲ್ಲೇ ಬರುತ್ತಿದೆ. ಇಂಥ ಚಳಿಯಲ್ಲಿ ಬರಿಮೈಯಲ್ಲಿ ಬಂದದ್ದು ಸುಳ್ಳಾಗಿರಲು ಸಾಧ್ಯವಿಲ್ಲವೆಂದು ಓದುಗರು ನಂಬಬೇಕು.

ಸೋಮವಾರದ ಮಾಸ್ಟರು ಎಂದರೆ ಇಡೀ ಪೇಟೆಬೀದಿಗೆ ಗೊತ್ತು. ಅವರ ಹೊಲಿಗೆ ಅಂಗಡಿಗೆ ಯಾವ ವಾರ ಹೋಗಿ ಯಾವ ಬಟ್ಟೆ ಕೊಟ್ಟರೂ, ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳ ಸಂದಿಯಿಂದ ಬರುವ ಮಾತು ಒಂದೇ: “ಸೋಮವಾರ ಬನ್ನಿ.” ಯಾವ ಸೋಮವಾರ ಎಂದು ಕೇಳುವವರು ಹೊಸ ಗಿರಾಕಿಗಳು. ಹಳಬರು ನಿಟ್ಟುಸಿರು ಬಿಟ್ಟು ಹೋಗುತ್ತಾರೆ.

ಮಾಸ್ಟರಿಗೆ ಇನ್ನೊಂದು ಗುಣ. ಗಿರಾಕಿಯ ಮುಖವನ್ನು ಅವರು ನೋಡಿದವರೇ ಅಲ್ಲ. ಕುತ್ತಿಗೆಯಿಂದ ಮೇಲಕ್ಕೆ ಬಟ್ಟೆ ಹೊಲಿಯುವುದಿಲ್ಲವಲ್ಲ, ಅಲ್ಲಿ ಅವರಿಗೇನು ಕೆಲಸ? ಬೀದಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಭುಜ ನೋಡಿ, ಹೊಟ್ಟೆ ನೋಡಿ, “ಓಹೋ, ನೀವಾ!” ಎನ್ನುತ್ತಿದ್ದರು. ಒಮ್ಮೆ ಸ್ವಂತ ಷಡ್ಡಕ ಪಥ್ಯ ಮಾಡಿ ಅರ್ಧ ಇಳಿದು ಬಂದಾಗ ಗುರುತು ಸಿಗದೆ “ಸೋಮವಾರ ಬನ್ನಿ” ಎಂದು ಕಳಿಸಿಬಿಟ್ಟಿದ್ದರು. ಆತ ಇವತ್ತಿಗೂ ಮಾತು ಬಿಟ್ಟಿದ್ದಾನೆ.

ಇಷ್ಟೆಲ್ಲ ಇದ್ದರೂ ಮಾಸ್ಟರ ಹೆಸರು ಚಿನ್ನ. ಅದಕ್ಕೆ ಕಾರಣ ಅಂಗಡಿಯ ಗೋಡೆಯ ಮೇಲೆ ಕನ್ನಡಿಗಿಂತ ದೊಡ್ಡದಾಗಿ ತೂಗುವ ಬೋರ್ಡು: “ಗಿರಾಕಿಯ ಬಟ್ಟೆ ಗಿರಾಕಿಯ ಮೈಗೆ ಮಾತ್ರ.” ಹೊಲಿಯಲು ಬಂದ ಬಟ್ಟೆಯನ್ನು ದರ್ಜಿ ತಾನು ತೊಟ್ಟುಕೊಂಡು ತಿರುಗುವುದು ಮಾಸ್ಟರ ಪ್ರಕಾರ ಮಹಾಪಾತಕ. ಹಿಂದೆ ಕಾಜಾ ಹಾಕಲು ಒಬ್ಬ ಸಹಾಯಕನಿದ್ದ. ಅವನು ಗಿರಾಕಿಯೊಬ್ಬರ ಹೊಸ ಸೂಟು ತೊಟ್ಟು ಸ್ವಂತ ಮದುವೆಗೆ ನಿಂತ. ಆ ಗಿರಾಕಿ ಹುಡುಗಿ ಕಡೆಯ ನೆಂಟರಾಗಿರಬೇಕೆ? ಮಾಸ್ಟರು ಮದುಮಗನನ್ನು ಮಂಟಪದಲ್ಲೇ ಕೆಲಸದಿಂದ ತೆಗೆದರು. ಅವನು ಸೂಟು ಬಿಚ್ಚಿಕೊಟ್ಟು, ಬನಿಯನ್ನಿನಲ್ಲಿ ನಡುಗುತ್ತ ಹೇಳಿದ್ದಿಷ್ಟು: “ಚಳಿ ಎಲ್ಲರಿಗೂ ಆಗುತ್ತೆ ಮಾಸ್ಟ್ರೇ. ನಿಮಗೂ ಒಂದಿನ ಆಗುತ್ತೆ.”

ಅದೇ ಸಹಾಯಕ ಈಗ ದೂರದ ಶಹರದಲ್ಲಿ ದೊಡ್ಡ ಅಂಗಡಿ ಇಟ್ಟು, ದರ್ಜಿಗಳ ಸಂಘದ ಕಾರ್ಯದರ್ಶಿಯಾಗಿದ್ದ. ಈ ಚಳಿಗಾಲದಲ್ಲಿ ಅವನೇ ಫೋನು ಮಾಡಿದ.

“ಮಾಸ್ಟ್ರೇ, ಅವತ್ತು ನೀವು ಓಡಿಸಿದ್ದಕ್ಕೇ ನಾನು ಮನುಷ್ಯ ಆದೆ. ಭಾನುವಾರ ಸಂಜೆ ನಮ್ಮ ವಾರ್ಷಿಕ ಸಭೆ. ನಿಮಗೆ ಸನ್ಮಾನ. ನೀವು ವೃತ್ತಿಧರ್ಮದ ಮೇಲೆ ಮಾತಾಡಬೇಕು. ರೈಲಿಗೆ ಫಸ್ಟ್ ಕ್ಲಾಸ್ ಟಿಕೆಟ್ ಕಳಿಸ್ತೀನಿ. ಮುಖ್ಯ ಅತಿಥಿಗಳೂ ನಿಮ್ಮ ಊರಿನವರೇ, ಒಂದೇ ಡಬ್ಬೀಲಿ...”

ಮಾಸ್ಟರ ಕಿವಿ “ಫಸ್ಟ್ ಕ್ಲಾಸ್” ಎಂಬಲ್ಲೇ ಇಳಿದುಬಿಟ್ಟಿತ್ತು. ಮುಂದಿನ ಮಾತುಗಳು ಯಾರೂ ಹತ್ತದ ಬೋಗಿಗಳಂತೆ ಹಾಗೇ ಹೊರಟುಹೋದವು.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಭಾಮೈದ ತಲೆ ಕೆಡಿಸಿದ. ಅವನು ಫಸ್ಟ್ ಕ್ಲಾಸಿನಲ್ಲಿ ಹೋದವನಲ್ಲ, ಆದರೆ ಹೋದವರನ್ನು ಕಂಡವನು.

“ಭಾವ, ಮೈಮೇಲೆ ಏನು ಹಾಕ್ಕೊಂಡು ಹೋಗ್ತೀರಿ?”

“ಸ್ವೆಟರ್ರು.”

“ಆ ಮೊಣಕೈ ತೂತಿನ ಸ್ವೆಟರ್ರಾ? ಫಸ್ಟ್ ಕ್ಲಾಸಲ್ಲಿ ನಿಮ್ಮನ್ನ ನೋಡಿದ ತಕ್ಷಣ ಹೊದಿಕೆ ಕೊಡೋನು ಅಂದ್ಕೊಂಡು ‘ಲೇ, ಎರಡು ಕಂಬಳಿ ತಾ’ ಅಂತಾರೆ. ಅಲ್ಲಿ ಎಲ್ಲಾ ಕೋಟು ಭಾವ, ಕೋಟು! ಕೋಟಿಲ್ಲದವನನ್ನ ಮುಂದಿನ ಸ್ಟೇಷನ್ನಲ್ಲಿ ಜನರಲ್ ಡಬ್ಬಿಗೆ ದಾಟಿಸ್ತಾರೆ.”

ಊರಿಗೆಲ್ಲ ಕೋಟು ಹೊಲಿದ ಮಾಸ್ಟರಿಗೆ ಸ್ವಂತದ್ದೊಂದು ಕೋಟು ಇರಲಿಲ್ಲ. ತಮಗೂ ಒಂದು ಹೊಲಿದುಕೊಳ್ಳುವ ಯೋಚನೆ ಇತ್ತು, ಬಟ್ಟೆಯೂ ತೆಗೆದಿಟ್ಟಿದ್ದರು. ಆದರೆ ತಮಗೆ ತಾವೇ “ಸೋಮವಾರ” ಎಂದು ಹೇಳಿಕೊಂಡು ವರ್ಷಗಳಾಗಿದ್ದವು.

ಭಾನುವಾರ ಮುಂಜಾನೆ, ಮಂಜು ಕವಿದ ಬೀದಿಯಲ್ಲಿ, ದೀಪ ಹಾಕದ ಅಂಗಡಿಯಲ್ಲಿ, ಮಾಸ್ಟರು ಹ್ಯಾಂಗರಿನಿಂದ ಒಂದು ಕೋಟು ಇಳಿಸಿದರು. ಅಂಗಡಿಯಲ್ಲಿ ಅವರ ಮೈಗೆ ಸುಮಾರಾಗಿ ಹಿಡಿಯುವಂಥದ್ದು ಅದೊಂದೇ: ಕಾಫಿ ಬಣ್ಣದ, ಕೊಂಬಿನ ಗುಂಡಿಗಳ, ಹಳೇ ಕಾಲದ ದಪ್ಪ ಉಣ್ಣೆಯ ಕೋಟು. ಅದು ನಿವೃತ್ತ ಜಡ್ಜ್ ಸಾಹೇಬರದು. ಜಡ್ಜ್ ಸಾಹೇಬರು ಎಡಚರು. ಎಡಗೈಯಲ್ಲಿ ತೀರ್ಪು ಬರೆದೂ ಬರೆದೂ ಅವರ ಎಡಭುಜ ಎರಡು ಬೆರಳು ಕೆಳಗಿಳಿದಿತ್ತು. ಅದನ್ನು ಮುಚ್ಚಲು ಮಾಸ್ಟರು ಎಡಭುಜಕ್ಕೆ ದಪ್ಪ ಪ್ಯಾಡು ಕೊಡುತ್ತಿದ್ದರು. ಈ ಸಲ ಪ್ಯಾಡು ಬದಲಾಯಿಸಲು ಕೊಟ್ಟು ಸಾಹೇಬರು ಹೇಳಿದ್ದರು: “ಊರಿಗೆ ಹೋಗೋದಿದೆ, ಚಳಿ ಬೇರೆ. ಶನಿವಾರಕ್ಕೆ ಬೇಕೇ ಬೇಕು.”

ಮಾಸ್ಟರು ಹೇಳಿದ್ದು ಏನೆಂದು ಬೇರೆ ಹೇಳಬೇಕಾಗಿಲ್ಲ.

ಬಾಗಿಲಲ್ಲಿ ಹೆಂಡತಿ ತಡೆದರು. “ಅದು ಯಾರ ಕೋಟು ರೀ?”

“ಕೋಟು ಅಂದ್ರೆ ಕೋಟು.”

“ಬೋರ್ಡಲ್ಲಿ ಏನು ಬರೆದಿದೆ?”

“ಬೋರ್ಡು ಅಂಗಡಿ ಒಳಗಿರೋರಿಗೆ. ನಾನೀಗ ಹೊರಗಿದೀನಿ.”

“ಅದನ್ನೇ ಹಾಕ್ಕೊಂಡು ವೃತ್ತಿಧರ್ಮದ ಮೇಲೆ ಭಾಷಣ ಮಾಡ್ತೀರಾ?”

“ಭಾಷಣದ ಹೊತ್ತಿಗೆ ಬಿಚ್ಚಿ ಚೀಲದೊಳಗೆ ಇಡ್ತೀನಿ ಕಣೇ. ರೈಲಲ್ಲಿ ಮಾತ್ರ. ರೈಲಲ್ಲಿ ಯಾರು ನೋಡ್ತಾರೆ?”

ರೈಲು ಹೊರಟಿತು. ಮಾಸ್ಟರು ಬಾಗಿಲಲ್ಲಿ ನಿಂತು, ಪ್ಲಾಟ್‌ಫಾರ್ಮಿನಲ್ಲಿದ್ದ ಹೆಂಡತಿಗೂ ಭಾಮೈದನಿಗೂ ಫಸ್ಟ್ ಕ್ಲಾಸಿನವರು ಬೀಸುವಂತೆ ಗಂಭೀರವಾಗಿ ಎಡಗೈ ಬೀಸಿದರು.

ಟಪ್.

ಆ ಸದ್ದು ಬೇರೆ ಯಾರಿಗೂ ಕೇಳದು. ದರ್ಜಿಗೆ ಸಿಡಿಲಿನ ಹಾಗೆ ಕೇಳುತ್ತದೆ. ಮಾಸ್ಟರ ಕೈ ಗಾಳಿಯಲ್ಲೇ ಹೆಪ್ಪುಗಟ್ಟಿತು. ಎಡತೋಳನ್ನು ಬಿಚ್ಚಿ, ಪ್ಯಾಡು ಬದಲಿಸಿ, ಮತ್ತೆ ಕೂಡಿಸಿದ್ದು ಅವರಿಗೆ ನೆನಪಿತ್ತು. ಹೇಗೆ ಕೂಡಿಸಿದ್ದೆಂಬುದು ಈಗ ನೆನಪಾಯಿತು: ಕಚ್ಚಾ ಹೊಲಿಗೆ! ತೊಡಿಸಿ ನೋಡುವ ತನಕ ನಿಲ್ಲಲೆಂದು ಉದ್ದುದ್ದ ಹಾಕಿದ ಬಿಳಿ ದಾರದ ನಾಲ್ಕು ಎಳೆ. ಅದರಲ್ಲಿ ಒಂದು ಈಗ ಹೋಯಿತು. ಜಡ್ಜ್ ಸಾಹೇಬರ ಕೋಟಿಗೂ ಅದರ ಎಡತೋಳಿಗೂ ನಡುವೆ ಉಳಿದ ಸಂಬಂಧ ಹಳೇ ಗೆಳೆಯರ ಸಂಬಂಧದಷ್ಟು ತೆಳ್ಳಗಿತ್ತು.

ಮಾಸ್ಟರು ಮಫ್ಲರನ್ನು ಎಡಭುಜದ ಮೇಲೆ ಇಳಿಬಿಟ್ಟು ಬಿಳಿ ದಾರ ಮುಚ್ಚಿದರು. ಎಡಗೈಯನ್ನು ಮೈಗೆ ಅಂಟಿಸಿಕೊಂಡು, ಸಾಗಿಸುತ್ತಿರುವ ವಿಗ್ರಹದಂತೆ ಡಬ್ಬಿಯೊಳಗೆ ಬಂದು ಕೂತರು.

ಎದುರಿಗೆ ಇಬ್ಬರಿದ್ದರು. ಕಿಟಕಿಯ ಪಕ್ಕ ಒಬ್ಬ ಯಜಮಾನರು. ಯಜಮಾನರು ಎನ್ನುವುದು ಊಹೆ. ಕಣ್ಣಿಗೆ ಕಾಣುತ್ತಿದ್ದದ್ದು ಕುತ್ತಿಗೆತನಕ ಸುತ್ತಿದ ಎರಡು ಕಂಬಳಿ, ಅದರ ಮೇಲೊಂದು ಮಂಗನ ಟೋಪಿ, ಟೋಪಿಯ ಕಿಂಡಿಯಲ್ಲಿ ಕೆಂಪು ಮೂಗು ಮತ್ತು ಎರಡು ಕಣ್ಣು. ಮಾಸ್ಟರಿಗೆ ಮುಖ ತಿಳಿಯದು, ಭುಜ ಕಾಣದು. ಹಾಗಾಗಿ ಅವರ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ, ಕಂಬಳಿ ಮಾತ್ರ ಇತ್ತು. ಇನ್ನೊಬ್ಬರು ಮೂಳೆ ಡಾಕ್ಟ್ರಮ್ಮ. ಅದು ಹೇಗೆ ಗೊತ್ತಾಯಿತೆಂದರೆ, ಅವರು ಫೋನಿನಲ್ಲಿ ಯಾರದೋ ಮಂಡಿಯ ಬಗ್ಗೆ ಯಾರನ್ನೋ ಬೈಯುತ್ತಿದ್ದರು.

ಫೋನು ಇಟ್ಟು ಡಾಕ್ಟ್ರಮ್ಮ ಎದ್ದರು. “ಸ್ವಲ್ಪ ಈ ಸೂಟ್‌ಕೇಸ್ ಮೇಲಿಡ್ತೀರಾ?”

“ಆಗಲ್ಲಮ್ಮ.”

“ಭಾರ ಏನಿಲ್ಲ.”

“ಭಾರದ ಪ್ರಶ್ನೆ ಅಲ್ಲ. ಎತ್ತರದ ಪ್ರಶ್ನೆ.”

ಡಾಕ್ಟ್ರಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. ಕಂಬಳಿಯ ಕಿಂಡಿಯೂ ನೋಡಿತು. ಕಣ್ಣುಗಳು ಕೋಟಿನ ಕಾಲರಿನಿಂದ ಹೊರಟು, ಒಂದೊಂದೇ ಗುಂಡಿಯ ಬಳಿ ನಿಂತು, ಕೆಳಗಿಳಿದು, ಮತ್ತೆ ಮೇಲೆ ಬಂದವು. ಹೀಗೆ ಬಟ್ಟೆಯನ್ನು ಓದುವವರು ಇಬ್ಬರೇ: ದರ್ಜಿ ಮತ್ತು ಪತ್ತೇದಾರ. ಈ ಕಂಬಳಿ ದರ್ಜಿಯಂತೂ ಅಲ್ಲ ಎಂದುಕೊಂಡು ಮಾಸ್ಟರು ಎಡಗೈಯನ್ನು ಇನ್ನಷ್ಟು ಒತ್ತಿಕೊಂಡರು.

ಅಷ್ಟರಲ್ಲಿ ಟಿಕೆಟ್ ನೋಡುವ ಟಿ.ಸಿ. ಬಂದ. ಮಾಸ್ಟರು ಬಲಗೈಯಲ್ಲಿ ಟಿಕೆಟ್ ಕೊಟ್ಟರು. ಅದು ಸರಿಯಾಗೇ ಇತ್ತು. ಆದರೆ ಫಸ್ಟ್ ಕ್ಲಾಸಿನಲ್ಲಿ ಇಷ್ಟು ಬೆವರುವ ಮನುಷ್ಯನನ್ನು, ಅದೂ ಇಂಥ ಚಳಿಯಲ್ಲಿ, ಆತ ಕಂಡಿರಲಿಲ್ಲ.

“ಕಂಕುಳಲ್ಲಿ ಏನಿಟ್ಟಿದೀರಿ?”

“ಕಂಕುಳೇ ಇಟ್ಟಿದೀನಿ ಸಾರ್.”

“ಕೈ ಎತ್ತಿ ನೋಡೋಣ.”

ಆಗ ಕಂಬಳಿಯ ಒಳಗಿನಿಂದ, ಬಾವಿಯ ತಳದಿಂದ ಬಂದಂತೆ ಒಂದು ದನಿ ಬಂತು. ಭಾರಿ ನೆಗಡಿ, ಮೂಗು ಎರಡೂ ಕಡೆ ಬಂದ್.

“ಯಾವ ಕಾದೂದು ಪ್ರಕಾರ?”

“ಏನ್ ಸಾರ್?”

“ಯಾವ ಕಾನೂನು ಪ್ರಕಾರ” ಎಂದು ಡಾಕ್ಟ್ರಮ್ಮ ಅನುವಾದ ಮಾಡಿದರು. ಮುಂದೆ ಓದುಗರ ಅನುಕೂಲಕ್ಕಾಗಿ ಯಜಮಾನರ ಮಾತನ್ನು ನೆಗಡಿ ಸೋಸಿ ಕೊಡಲಾಗಿದೆ.

“ಟಿಕೆಟ್ ಇರೋ ಪ್ರಯಾಣಿಕ ಕೈ ಎತ್ತಿ ತೋರಿಸಬೇಕು ಅಂತ ಯಾವ ಕಾಯಿದೆಯಲ್ಲೂ ಇಲ್ಲ. ಅವರ ಕೈ, ಅವರು ಇಟ್ಟ ಕಡೆ ಇರುತ್ತೆ. ಕೋಟಿನ ವಿಚಾರ ಬೇರೆ.”

ಟಿ.ಸಿ. “ಕಣ್ಣಿಟ್ಟಿರ್ತೀನಿ” ಎಂದು ಹೊರಟುಹೋದ. ಮಾಸ್ಟರಿಗೆ ಮಾತ್ರ ಕೊನೆಯ ಮೂರು ಪದ ಕಿವಿಯಲ್ಲಿ ಸಿಕ್ಕಿಕೊಂಡವು. ಕೋಟಿನ ವಿಚಾರ ಬೇರೆ ಎಂದರೆ? ಬೇರೆ ಎಂದರೆ ಎಷ್ಟು ಬೇರೆ?

“ಕೋಟು ಬಹಳ ಚೆನ್ನಾಗಿದೆ” ಎಂದರು ಯಜಮಾನರು. “ಯಾರು ಹೊಲಿದದ್ದು?”

“ನಾ...” ಎಂದವರು ಕಚ್ಚಿಕೊಂಡರು. “ನಾನರಿಯೆ ಸಾರ್. ನಮ್ಮ ದೊಡ್ಡಪ್ಪನದು.”

“ದೊಡ್ಡಪ್ಪ ಇದಾರಾ?”

“ಹೋದ್ರು.”

“ಅಯ್ಯೋ ಪಾಪ. ಕೋಟು ನಿಮಗೆ ಬಿಟ್ಟು ಹೋದ್ರಾ?”

“ಹೂಂ ಸಾರ್. ಕೊನೇ ಗಳಿಗೇಲಿ, ‘ಮಗಾ, ಕೋಟು...’ ಅಂದ್ರು. ಅಷ್ಟೇ.”

ಮಾಸ್ಟರ ಕಣ್ಣಲ್ಲಿ ನೀರು ಬಂತು. ಇಲ್ಲದ ದೊಡ್ಡಪ್ಪನನ್ನು ಇಷ್ಟು ಬೇಗ ಕಳೆದುಕೊಂಡವರು ಕಡಿಮೆ. ಯಜಮಾನರೂ ಕಂಬಳಿಯೊಳಗೆ ಕುಲುಕಿದರು. ಅದು ದುಃಖವೋ ಕೆಮ್ಮೋ ತಿಳಿಯಲಿಲ್ಲ.

“ನಂದೂ ಒಂದು ಕೋಟಿತ್ತು” ಎಂದರು ಯಜಮಾನರು. “ಥೇಟ್ ಇದೇ ಬಣ್ಣ. ದರ್ಜಿಗೆ ಕೊಟ್ಟೆ. ಬೇಕೇ ಬೇಕು ಅಂದೆ. ಕೊಡಲಿಲ್ಲ. ಅದಕ್ಕೇ ನೋಡಿ ಈ ನೆಗಡಿ, ಈ ಕಂಬಳಿ. ಅಂಥವನನ್ನ ಏನು ಮಾಡಬೇಕು ಹೇಳಿ?”

ಅಪಾಯದಲ್ಲಿರುವ ಮನುಷ್ಯ ಎದುರಿನವರ ಪಕ್ಷ ಸೇರುವುದು ಸಹಜ. ಮಾಸ್ಟರು ಆವೇಶದಿಂದ ಸೇರಿದರು. “ಒದ್ದು ಒಳಗೆ ಹಾಕಬೇಕು ಸಾರ್! ಈ ದರ್ಜಿಗಳ ಜಾತಿನೇ ಅಷ್ಟು. ಕೇಳಿದಾಗೆಲ್ಲ ಸೋಮವಾರ, ಸೋಮವಾರ!”

“ಸೋಮವಾರ ಅಂತ ನಾನು ಹೇಳಲೇ ಇಲ್ಲವಲ್ಲ?”

“...ಎಲ್ಲಾ ದರ್ಜಿಗಳೂ ಅದನ್ನೇ ಹೇಳೋದು ಸಾರ್.”

“ಹೌದಾ. ಒಳಗೆ ಹಾಕಬೇಕು ಅಂದ್ರಲ್ಲ, ಎಷ್ಟು ತಿಂಗಳು?”

ಪ್ರಶ್ನೆ ಬಂದ ರೀತಿಯಲ್ಲಿ ತಮಾಷೆ ಇರಲಿಲ್ಲ. ಕಾಫಿಗೆ ಎಷ್ಟು ಚಮಚ ಸಕ್ಕರೆ ಎಂದು ಕೇಳುವವರ ಸಹಜತೆ ಇತ್ತು. ಮಾಸ್ಟರು “ಆರು” ಎಂದರು. ಯಜಮಾನರು ಯೋಚಿಸಿ, “ಸಾದಾ ಸಾಕೋ, ಕಠಿಣವೋ?” ಎಂದರು. “ಕಠಿಣವೇ ಇರಲಿ ಸಾರ್” ಎಂದು ಮಾಸ್ಟರು ತಮಗೆ ತಾವೇ ಆರು ತಿಂಗಳ ಕಠಿಣ ಶಿಕ್ಷೆ ಕೊಡಿಸಿಕೊಂಡರು.

ಇಷ್ಟು ಹೊತ್ತೂ ಡಾಕ್ಟ್ರಮ್ಮನ ಕಣ್ಣು ಮಾಸ್ಟರ ಭುಜ ಬಿಟ್ಟಿರಲಿಲ್ಲ. “ನೋಡಿ, ಕೇಳಬಾರದು, ಆದ್ರೂ ಕೇಳ್ತೀನಿ. ನಿಮ್ಮ ಎಡಭುಜ ಊದಿಕೊಂಡಿದೆ ಗೊತ್ತಾ? ಬಲಕ್ಕಿಂತ ಎರಡು ಬೆರಳು ಮೇಲಿದೆ.”

ಅದು ಪ್ಯಾಡು. ಹೇಳುವಂತಿಲ್ಲ.

“ಹುಟ್ಟಿನಿಂದ ಹಾಗೇ ಡಾಕ್ಟ್ರಮ್ಮ.”

“ಹುಟ್ಟಿನಿಂದ ಅಂತೆ! ಕೈ ಎತ್ತೋಕೆ ಆಗಲ್ಲ ಅಂದ್ರಿ, ಬೆವರ್ತಿದೀರಿ, ಮಾತು ತೊದಲ್ತಿದೆ. ಭುಜದ ಕೀಲು ಜಾರಿದೆ ನಿಮಗೆ. ಅಲ್ಲಾಡಬೇಡಿ!”

ಇಷ್ಟು ಹೇಳಿ ಅವರು ಮಾಸ್ಟರ ಮಫ್ಲರನ್ನೇ ಬಿಚ್ಚಿ, ಎಡಗೈಯನ್ನು ಎದೆಗೆ ಮಡಿಸಿ, ಕುತ್ತಿಗೆಗೆ ತೂಗುಹಾಕಿ, ಕೋಟಿನ ಮೇಲಿಂದಲೇ ಬಿಗಿಯಾಗಿ ಕಟ್ಟಿ ಗಂಟು ಹಾಕಿದರು. ತೋಳಿನ ಸುತ್ತ ಹೊರಬಿದ್ದ ಬಿಳಿ ದಾರ ಕಂಡು, “ಇದೇನು?” ಎಂದರು.

“ಡಿಸೈನು” ಎಂದರು ಮಾಸ್ಟರು.

ಒಂದು ರೀತಿಯಲ್ಲಿ ಇದು ಒಳ್ಳೆಯದೇ ಆಯಿತು. ತೋಳು ಉಳಿಯಿತು. ಆದರೆ ಭಾಷಣಕ್ಕೆ ಮೊದಲು ಕೋಟು ಬಿಚ್ಚಿ ಚೀಲಕ್ಕಿಡುವ ಯೋಜನೆ ಗಂಟಿನೊಳಗೆ ಸಿಕ್ಕಿಬಿತ್ತು. ಮೂಳೆ ಡಾಕ್ಟರ ಗಂಟು ದರ್ಜಿಯ ಬೆರಳಿಗೂ ಬಗ್ಗುವಂಥದ್ದಲ್ಲ.

“ಹಾಗಾದ್ರೆ ನಂದೂ ಸ್ವಲ್ಪ ನೋಡಿಬಿಡಿ ಡಾಕ್ಟ್ರೇ” ಎಂದು ಯಜಮಾನರು ಎದ್ದರು. “ನಂದು ಇವರದರ ತದ್ವಿರುದ್ಧ.”

ಕಂಬಳಿಗಳು ಒಂದರ ಹಿಂದೊಂದು ಜಾರಿದವು.

ಮಾಸ್ಟರು ಮೊದಲು ಹೊಟ್ಟೆ ನೋಡಿದರು. ಪರಿಚಿತ ಹೊಟ್ಟೆ. ಎದೆ ನೋಡಿದರು. ಅದೂ ಪರಿಚಿತವೇ. ಮೇಲಕ್ಕೆ ಬಂದರು. ಬಲಭುಜ ನೆಟ್ಟಗೆ. ಎಡಭುಜ... ಎಡಭುಜ ಎರಡು ಬೆರಳು ಕೆಳಗೆ. ಆ ಇಳಿಜಾರಿನ ಮೇಲೆ ಅವರ ಟೇಪು ಎಷ್ಟು ಸಲ ಹತ್ತಿ ಇಳಿದಿತ್ತೋ! ಇಡೀ ಜಗತ್ತಿನಲ್ಲಿ ಇಂಥ ಭುಜ ಒಂದೇ, ಅದರ ಕೋಟು ಒಂದೇ, ಅದರೊಳಗೆ ಈಗ ಕೂತಿರುವ ಮೂರ್ಖನೂ ಒಬ್ಬನೇ.

ಮಾಸ್ಟರು ಆಯುಷ್ಯದಲ್ಲಿ ಮೊದಲ ಸಲ ಗಿರಾಕಿಯೊಬ್ಬರ ಮುಖ ನೋಡಿದರು. ಜಡ್ಜ್ ಸಾಹೇಬರಿಗೆ ಮೀಸೆ ಇತ್ತು. ಅದು ಅವರಿಗೆ ಇವತ್ತೇ ಗೊತ್ತಾದದ್ದು.

ಮುಂದಿನ ದಾರಿಯಲ್ಲಿ ಕಿಟಕಿಯಾಚೆ ಏನೇನು ಹಾದುಹೋಯಿತೋ ಮಾಸ್ಟರು ಕಾಣರು. ಅವರ ತಲೆಯಲ್ಲಿ ಒಂದೇ ಪ್ರಶ್ನೆ: ಇವರಿಗೆ ಗೊತ್ತೋ, ಗೊತ್ತಿಲ್ಲವೋ? ಗೊತ್ತಿದ್ದರೆ ಯಾಕೆ ಸುಮ್ಮನಿದ್ದಾರೆ? ಗೊತ್ತಿಲ್ಲದಿದ್ದರೆ ಯಾಕೆ ನಗುತ್ತಿದ್ದಾರೆ? ಟೀ ಮಾರುವವನು ಬಂದಾಗ ಸಾಹೇಬರು ಎಡಗೈ ಚಾಚಿ ಲೋಟ ತೆಗೆದುಕೊಂಡು, “ನೀವೂ ಕುಡೀರಿ, ಪಾಪ, ಕೋಟಿದ್ರೂ ನಡುಗ್ತಿದೀರಿ” ಎಂದರು. ಆ “ಪಾಪ”ದಲ್ಲಿ ಎರಡರ್ಥವಿದೆಯೇ ಎಂದು ಮಾಸ್ಟರು ಅದನ್ನು ತಿರುಗಿಸಿ ಅಸ್ತರಿನ ಕಡೆಯಿಂದಲೂ ನೋಡಿದರು.

ಆಮೇಲೆ ಸಾಹೇಬರಿಗೆ ಕೆಮ್ಮು ಬಂತು. “ಕೆಮ್ಮಿನ ಮಿಠಾಯಿ ಇದ್ರೆ ಒಂದು ಕೊಡ್ತೀರಾ?”

“ನನ್ನ ಹತ್ರ ಇಲ್ಲ ಸಾರ್.”

“ನೋಡಿ. ಬಲಗಡೆ ಒಳಜೇಬು. ಅದರೊಳಗೊಂದು ಚಿಕ್ಕ ಜೇಬು.”

ಮಾಸ್ಟರ ಬೆರಳು ತನ್ನಷ್ಟಕ್ಕೆ ಹೋಯಿತು. ಒಳಜೇಬಿನೊಳಗಿನ ಚಿಕ್ಕ ಜೇಬಿನಲ್ಲಿ, ಕಾಗದ ಸುತ್ತಿದ ಒಂದು ಮಿಠಾಯಿ ತಣ್ಣಗೆ ಕೂತಿತ್ತು.

ಡಾಕ್ಟ್ರಮ್ಮ ಬೆರಗಾದರು. “ನಿಮಗೆ ಹೇಗೆ ಗೊತ್ತಾಯ್ತು?”

“ಇವರ ದೊಡ್ಡಪ್ಪನ ವಯಸ್ಸಿನೋರೆಲ್ಲ ಅಲ್ಲೇ ಇಡೋದು” ಎಂದು ಸಾಹೇಬರು ಮಿಠಾಯಿ ಬಾಯಿಗೆ ಹಾಕಿಕೊಂಡರು. “ಒಳ್ಳೇ ಮನುಷ್ಯ ನಿಮ್ಮ ದೊಡ್ಡಪ್ಪ. ಹೋಗಬಾರದಿತ್ತು.”

ಮಾಸ್ಟರು ಇನ್ನು ತಡೆಯಲಾರದೆ ಬಾಯಿ ತೆರೆದರು. “ಸಾರ್, ನಾನೊಂದು ಮಾತು...”

“ಈಗ ಬೇಡ. ಸಂಜೆ ಹೇಳೋರಂತೆ, ಮೈಕಲ್ಲಿ.”

ಮೈಕಿನಲ್ಲಿ ಎಂದರೆ? ಮಾಸ್ಟರು ಯೋಚಿಸಿ ಮುಗಿಸುವಷ್ಟರಲ್ಲಿ ರೈಲು ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ ಹಳೇ ಸಹಾಯಕ, ಈಗಿನ ಕಾರ್ಯದರ್ಶಿ, ಎರಡು ಹೂಗುಚ್ಛ ಹಿಡಿದು ನಿಂತಿದ್ದ. ಒಂದನ್ನು ಮಾಸ್ಟರಿಗೆ ಕೊಟ್ಟ. ಇನ್ನೊಂದನ್ನು ಹಿಂದೆ ಇಳಿದ ಕಂಬಳಿಗೆ ಕೊಟ್ಟು, “ಮುಖ್ಯ ಅತಿಥಿಗಳು ದಯಮಾಡಿಸಬೇಕು” ಎಂದು ಬಗ್ಗಿದ. ಡಾಕ್ಟ್ರಮ್ಮ “ಆ ಗಂಟು ಯಾರೂ ಬಿಚ್ಚಬಾರದು!” ಎಂದು ಕೂಗಿ ಆಟೋ ಹತ್ತಿದರು.

“ಮಾಸ್ಟ್ರೇ, ಕೈಗೇನಾಯ್ತು?” ಎಂದ ಕಾರ್ಯದರ್ಶಿ. ಅವನ ನೋಟ ಕೈಯಿಂದ ಕೋಟಿಗೆ, ಕೋಟಿನಿಂದ ಎಡಭುಜಕ್ಕೆ ಹೋಗಿ ಅಲ್ಲೇ ನಿಂತಿತು. ಎಷ್ಟಾದರೂ ಮಾಸ್ಟರೇ ಕಲಿಸಿದ ಕಣ್ಣು.

“ಕೀಲು” ಎಂದರು ಮಾಸ್ಟರು.

“ಕೋಟು ಹೊಸದಾ?”

“ದೊಡ್ಡಪ್ಪ” ಎಂದರು ಮಾಸ್ಟರು. ಅಷ್ಟು ಹೊತ್ತಿಗೆ ಅವರಿಗೆ ವಾಕ್ಯಗಳು ಮುಗಿದಿದ್ದವು.

ಇನ್ನು ಆ ಸಭೆಯ ವರ್ಣನೆ ಸ್ವಲ್ಪ ಅಗತ್ಯ. ಬೇರೆ ಸಭೆಗಳಲ್ಲಿ ಜನ ಭಾಷಣಕಾರನ ಮುಖ ನೋಡುತ್ತಾರೆ, ಇಲ್ಲವೇ ನಿದ್ದೆ ಮಾಡುತ್ತಾರೆ. ಇಲ್ಲಿ ಸಭಾಂಗಣ ತುಂಬ ದರ್ಜಿಗಳು. ಮಾಸ್ಟರು ವೇದಿಕೆ ಹತ್ತಿದೊಡನೆ ಸಾಲು ಸಾಲಾಗಿ ಕಣ್ಣುಗಳು ಅವರ ಕಾಲರು ಹಿಡಿದು, ಬೆನ್ನು ತಡವಿ, ತೋಳಿನ ಉದ್ದ ಅಳೆದು, ಎಡಭುಜದ ಬಳಿ ಬಂದು ನಿಂತವು. ಮುಂದಿನ ಸಾಲಿನಿಂದ ಪಿಸುಮಾತು ಹೊರಟಿತು: “ಭುಜ ಇವರದಲ್ಲ.” ಹಿಂದಿನ ಸಾಲು: “ಬೆನ್ನೂ ಇವರದಲ್ಲ.” ಮೂಲೆಯಲ್ಲಿದ್ದ ಮುದುಕ ದರ್ಜಿ: “ಕುತ್ತಿಗೆ ಮಾತ್ರ ಇವರದು.”

ಕಾರ್ಯದರ್ಶಿ ಪರಿಚಯ ಶುರು ಮಾಡಿದ. ಒಂದೊಂದು ಮಾತೂ ಸೂಜಿ. “ಗಿರಾಕಿಯ ಬಟ್ಟೆ ಗಿರಾಕಿಯ ಮೈಗೆ ಮಾತ್ರ! ಈ ಒಂದು ಮಾತಿಗಾಗಿ ನನ್ನನ್ನ ಮಂಟಪದಲ್ಲೇ ಬಟ್ಟೆ ಬಿಚ್ಚಿಸಿದ ಮಹಾನುಭಾವರು ಇವರು! ಪ್ರಾಣ ಹೋದರೂ ಪರರ ಗುಂಡಿ ಮುಟ್ಟದವರು!”

ಚಪ್ಪಾಳೆ. ಮಾಸ್ಟರು ಮೈಕಿನ ಮುಂದೆ ನಿಂತರು. ಅಷ್ಟು ವರ್ಷ ಕಟ್ಟಿದ ಹೆಸರು ಈಗ ಬಿಳಿ ದಾರದ ಮೂರು ಎಳೆಯಲ್ಲಿ ತೂಗುತ್ತಿತ್ತು. ಜಡ್ಜ್ ಸಾಹೇಬರು ಬಾಯಿ ತೆರೆದರೆ ನಾಳೆ ಬೋರ್ಡು ಇಳಿಸಬೇಕು. ಬೋರ್ಡು ಇಳಿಸಿದ ಗೋಡೆಯಲ್ಲಿ ಇರುವ ಮೊಳೆಯನ್ನು ಊರೆಲ್ಲ ಬಂದು ನೋಡುತ್ತದೆ.

“ಬಂಧುಗಳೇ” ಎಂದರು.

“ಒಂದು ದಿಬಿಷ” ಎಂದರು ಹಿಂದಿನಿಂದ ಜಡ್ಜ್ ಸಾಹೇಬರು. ಸೋಸಿದರೆ, ಒಂದು ನಿಮಿಷ. ಕಂಬಳಿ ಸಮೇತ ಎದ್ದು ಬಂದು ಮೈಕು ಹಿಡಿದರು. “ಮಾಸ್ಟ್ರು ಸತ್ಯದ ಮೇಲೆ ಮಾತಾಡ್ತಾರೆ. ಸತ್ಯಕ್ಕೆ ಬಿಸಿ ಜಾಸ್ತಿ, ಅವರಿಗೆ ಕೋಟು ಬೇಡ. ನನಗೆ ಚಳಿ. ಅವರ ದೊಡ್ಡಪ್ಪನ ಕೋಟನ್ನ ಅರ್ಧ ಗಂಟೆ ಕಡ ಕೊಡಲಿ.”

“ಸಾರ್, ಗಂಟು... ಡಾಕ್ಟ್ರಮ್ಮ...”

“ಆ ಗಂಟನ್ನ ನಾನು ವಜಾ ಮಾಡಿದೀನಿ.”

ಕತ್ತರಿ ಬೇಕೆ ಎಂದು ಕೇಳುವ ಮೊದಲೇ ಸಭೆಯಿಂದ ನಲವತ್ತು ಕತ್ತರಿಗಳು ಹೊರಬಂದವು. ಗಂಟು ತುಂಡಾಯಿತು. ಮಾಸ್ಟರು ತಾಯಿ ಮಗುವನ್ನು ತೊಟ್ಟಿಲಿಂದ ಎತ್ತುವ ಹಾಗೆ ಕೋಟು ಬಿಚ್ಚಿ, ಸಾಹೇಬರಿಗೆ ತೊಡಿಸಿದರು. ತೊಡಿಸುತ್ತ ಕಿವಿಯಲ್ಲಿ, “ಸಾರ್, ಏನಾದ್ರೂ ಮಾಡಿ, ಕೈ ಮಾತ್ರ ಎತ್ತಬೇಡಿ” ಎಂದರು.

“ನಾನ್ಯಾಕೆ ನಿಮ್ಮ ಮೇಲೆ ಕೈ ಎತ್ತಲಿ? ಕಾನೂನು ಇದೆ.”

“ಹಾಗಲ್ಲ ಸಾರ್, ಎಡಗೈ...”

“ಬೇಡಿಕೊಂಡೋರನ್ನ ಬಹಳ ಜನ ನೋಡಿದೀನಿ. ಸುಮ್ಮನೆ ನಿಲ್ಲಿ.”

ಕೋಟು ತೊಟ್ಟು ಸಾಹೇಬರು ಸಭೆಯ ಕಡೆ ತಿರುಗಿದರು. ಸಭಾಂಗಣದಲ್ಲಿ ಸೂಜಿ ಬಿದ್ದರೆ ಕೇಳುವಷ್ಟು ಮೌನ. ಸೂಜಿಗಳು ನಿಜವಾಗಿಯೂ ಬಿದ್ದ ಹಾಗಿತ್ತು. ಹಲವರ ಬಾಯಿ ತೆರೆದಿತ್ತು. ಕಾಲರು ಕುತ್ತಿಗೆಗೆ ಕೂತಿತ್ತು, ಬೆನ್ನು ಬೆನ್ನಿಗೆ ಅಂಟಿತ್ತು, ಆ ದಪ್ಪ ಪ್ಯಾಡು ಇಳಿದ ಭುಜವನ್ನು ಅಂಗೈಯಲ್ಲಿ ಹಿಡಿದಂತೆ ಎತ್ತಿ ಸಮ ಮಾಡಿತ್ತು. ಒಂದು ಮಾತಿಲ್ಲದೆ ಇಡೀ ಸಭೆಗೆ ಎಲ್ಲ ಅರ್ಥವಾಯಿತು. ಕೋಟು ಯಾರದೆಂದು ಕೋಟೇ ಹೇಳಿತ್ತು.

ಮಾಸ್ಟರು ಅಂಗಿಯಲ್ಲಿ ನಡುಗುತ್ತ ನಿಂತರು. ತಲೆ ತಗ್ಗಿಸಿದರೆ ಮುಂದಿನ ಸಾಲು ಕಂಡಿತು. ಹೊತ್ತು ಹೋಗಲೆಂದು, ಅಭ್ಯಾಸಬಲದಿಂದ, ಕುತ್ತಿಗೆಯಿಂದ ಕೆಳಗೆ ನೋಡುತ್ತ ಹೋದರು. ನೋಡಿದರು. ಇನ್ನೊಮ್ಮೆ ನೋಡಿದರು. ಮೊದಲನೆಯವನ ಕೋಟಿನ ತೋಳು ಬೆರಳ ತುದಿ ದಾಟಿತ್ತು. ಎರಡನೆಯವನ ಗುಂಡಿ ಕಾಜಾ ಕಂಡು ವರ್ಷವಾದಂತಿತ್ತು. ಮೂರನೆಯವನ ಕೋಟಿನಲ್ಲಿ ಇನ್ನೊಬ್ಬನಿಗೆ ಜಾಗವಿತ್ತು. ಮೂಲೆಯ ಮುದುಕ ದರ್ಜಿಯ ಕಾಲರಿನಲ್ಲಿ ಸೀಮೆಸುಣ್ಣದ ಗುರುತು ಇನ್ನೂ ಹೋಗಿರಲಿಲ್ಲ. ಕಾರ್ಯದರ್ಶಿಯ ಕಡೆ ತಿರುಗಿದರು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

ಜಡ್ಜ್ ಸಾಹೇಬರೂ ಅದನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಕಟಕಟೆಯಲ್ಲಿ ನಿಂತವರನ್ನು ನೋಡಿದ ಕಣ್ಣು; ತಪ್ಪು ಮಾಡಿದವರ ಸಾಲನ್ನು ಗುರುತಿಸುವುದು ಅದಕ್ಕೇನು ಕಷ್ಟ? ಮೈಕಿನ ಹತ್ತಿರ ಬಾಗಿ, ತೀರ್ಪಿನ ದನಿಯಲ್ಲಿ ಹೇಳಿದರು:

“ಮಾಸ್ಟ್ರ ವಿಚಾರಣೆಗೆ ಮೊದಲು ಒಂದು ಪ್ರಶ್ನೆ. ಈ ಸಭೆಯಲ್ಲಿ ಸ್ವಂತ ಕೋಟು ಹಾಕಿಕೊಂಡಿರೋರು ಎಷ್ಟು ಜನ? ಕೈ ಎತ್ತಿ. ಹೀಗೆ!”

“ಸಾರ್, ಬೇಡ!” ಎಂದು ಮಾಸ್ಟರು ನೆಗೆದರು.

ಸಾಹೇಬರು ಎಡಗೈಯನ್ನು ಛಾವಣಿಗೆ ತಾಗುವ ಹಾಗೆ ಎತ್ತಿದರು.

ಟಪ್. ಟಪ್. ಚರ್ರ್.

ಸಾಹೇಬರ ಕಂಕುಳಲ್ಲಿ ಬೆಳಗಾಯಿತು. ಗಾಬರಿಯಿಂದ ಅವರು ಕೈ ಇಳಿಸಿದರು. ಎಡತೋಳು ಭುಜ ಬಿಟ್ಟು, ಮೊಣಕೈ ದಾಟಿ, ಮುಂಗೈಯಲ್ಲಿ ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಕಳಚಿಕೊಂಡು ಕಾರ್ಯದರ್ಶಿಯ ಕಾಲ ಬಳಿ ಬಿತ್ತು. ಭುಜದಿಂದ ದಪ್ಪ ಪ್ಯಾಡು ಇಣುಕಿ ನೋಡಿತು. ಸಭೆಯಲ್ಲಿ ಎದ್ದದ್ದು ಆ ಒಂದೇ ಕೈ. ಇನ್ನೊಂದು ಏಳಲಿಲ್ಲ. ಆ ಇಡೀ ಸಭಾಂಗಣದಲ್ಲಿ ಸ್ವಂತ ಕೋಟು ತೊಟ್ಟಿದ್ದ ಏಕೈಕ ಮನುಷ್ಯನ ಕೋಟಿಗೆ ತೋಳಿರಲಿಲ್ಲ.

ಸಾಹೇಬರು ಬರಿಗೈ ನೋಡಿಕೊಂಡರು, ತೋಳು ನೋಡಿದರು, ಮಾಸ್ಟರನ್ನು ನೋಡಿದರು. ಆಮೇಲೆ ನೆಗಡಿಯ ದನಿ ಮೈಕಿನಲ್ಲಿ ಮೊಳಗಿತು. ಅದನ್ನು ಸೋಸದೆ ಕೊಡುವುದೇ ಸರಿ:

“ಬಾಸ್ಟ್ರೇ! ದಾಳೆ ಸೋಬವಾರ!”

ಮೊದಲು ನಕ್ಕವನು ಕಾರ್ಯದರ್ಶಿ. ಬೆನ್ನ ಹಿಂದಿನ ಕೈ ತೆಗೆದು, ತನ್ನ ಬೆರಳು ಮುಚ್ಚಿದ ತೋಳುಗಳನ್ನು ತಾನೇ ಬೀಸಿ ತೋರಿಸಿ ನಕ್ಕ. ಆಮೇಲೆ ಮುದುಕ ದರ್ಜಿ, ಆಮೇಲೆ ಸಾಲು ಸಾಲು. ಸಾಹೇಬರು ಕೆಮ್ಮುತ್ತ ನಕ್ಕರು. ಆದರೆ ಎಲ್ಲರ ನಗುವನ್ನೂ ಮೀರಿ ವೇದಿಕೆಯ ತುದಿಯಿಂದ ಒಂದು ನಗು ಬರುತ್ತಿತ್ತು. ಸೋಮವಾರದ ಮಾಸ್ಟರು, ಬೆಳಗಿನಿಂದ ಮೈಗಂಟಿಸಿಕೊಂಡಿದ್ದ ಎಡಗೈಯನ್ನೂ ಅದಕ್ಕೆ ಜೊತೆಯಾಗಿ ಬಲಗೈಯನ್ನೂ ಮೇಲಕ್ಕೆತ್ತಿ, ಅಂಗಿಯಲ್ಲಿ ಗಡಗಡ ನಡುಗುತ್ತ, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು.